ಮೂವರು ಕಟ್ಟಿದ ರೇಸ್ ಟ್ರ್ಯಾಕು

ಲೈವ್ ಫಾರ್ ಸ್ಪೀಡ್ ಎಂಬ ಕಾರ್ ರೇಸಿಂಗ್ ಸಿಮ್ಯುಲೇಟರನ್ನು ಕಟ್ಟಿದವರು ಮೂವರೇ: ಸ್ಕಾವೆನ್ ರಾಬರ್ಟ್ಸ್, ಎರಿಕ್ ಬೇಲಿ, ವಿಕ್ಟರ್ ವಾನ್ ವ್ಲಾರ್ಡಿಂಗೆನ್. ಮೊದಲು ಜನರ ಕೈಗೆ ಬಂದದ್ದು 2002ರಲ್ಲಿ. ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಹುತ್ತೂರಿನಂಥ ಊರಿನ ಹುಡುಗನೊಬ್ಬ ದುಡ್ಡು ಕೊಡದೆ ಅದರ ಡೆಮೊ ಇಳಿಸಿಕೊಂಡು, ಬ್ಲ್ಯಾಕ್‌ವುಡ್ ಟ್ರ್ಯಾಕಿನಲ್ಲಿ ದೂರದೇಶದವರ ಜೊತೆ ಸ್ಪರ್ಧಿಸಬಹುದು.

ನನಗೆ ಇದರಲ್ಲಿ ಅತಿ ಪ್ರಿಯವಾದದ್ದು ಟೈರು. ತಿರುವಿನಲ್ಲಿ ಹೊರಬದಿಯ ಟೈರು ಬಿಸಿಯೇರುತ್ತದೆ, ಸವೆಯುತ್ತದೆ. ಬ್ರೇಕ್ ತುಳಿದು ಚಕ್ರ ಬಿಗಿದು ನಿಂತರೆ ಟೈರಿನ ನೆಲಕ್ಕೆ ತಾಗಿದ ಜಾಗ ಚಪ್ಪಟೆಯಾಗಿ ಮುಂದಿನ ಸುತ್ತುಗಳಲ್ಲೆಲ್ಲ ಕಾರು ನಡುಗುತ್ತದೆ. ಮುಂದಿನ ಚಕ್ರಗಳ ಹಿಡಿತ ತಪ್ಪುವ ಮೊದಲೇ ಸ್ಟೀರಿಂಗ್ ಕೈಯಲ್ಲಿ ಹಗುರಾಗುತ್ತದೆ. ಆಟಕ್ಕೆ ಬರಲಿದೆಯೆಂದು 2008ರಲ್ಲಿ ಘೋಷಿಸಿದ ಫೋಕ್ಸ್‌ವ್ಯಾಗನ್ ಸಿರಾಕೊ ಕಾರು ವರ್ಷಗಟ್ಟಲೆ ಬರಲಿಲ್ಲ. ಏಕೆಂದರೆ ಆಟ ಕಟ್ಟಿದವರು ಟೈರಿನ ಲೆಕ್ಕವನ್ನೇ ಹೊಸದಾಗಿ ಬರೆಯಲು ಕೂತಿದ್ದರು. ಅಂಥ ಹಟವನ್ನು ಕಾದು ಸಹಿಸುವ ಆಟಗಾರರು ಎಲ್ಲ ಕಾಲದಲ್ಲೂ ಕಡಿಮೆಯೇ.

ಈ ಆಟಗಾರರ ಬಳಗ ಚಿಕ್ಕದಾಗಿಯೇ ಇರಲಿ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಎರಡು ಕಾರು ಅಕ್ಕಪಕ್ಕ ತಿರುವಿಗೆ ನುಗ್ಗುವಾಗ, ಪಕ್ಕದವನು ಎಲ್ಲಿ ಬ್ರೇಕ್ ಹಾಕುತ್ತಾನೆಂದು ಗೊತ್ತಿರಬೇಕು; ಆ ನಂಬಿಕೆ ಜೊತೆಗೆ ಓಡಿಸಿಯೇ ಬರಬೇಕು. ಆದರೂ ಹೊಸಬರಿಗೆ ಬಾಗಿಲು ಹಾಕುವುದನ್ನು ನಾನು ಒಪ್ಪಲಾರೆ. ಕೋಲಾರದ ಬಿಗ್‌ರಾಕ್ ಡರ್ಟ್‌ಪಾರ್ಕನ್ನೇ ನೋಡಿ. 2015ರಲ್ಲಿ ಡಕಾರ್ ರ್‍ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅದನ್ನು ಕಟ್ಟಿದ್ದು, ಮಣ್ಣಿನಲ್ಲಿ ಬೈಕ್ ಓಡಿಸುವುದನ್ನು ಹೊಸಬರಿಗೂ ಕಲಿಸಲೆಂದು. ಲೈವ್ ಫಾರ್ ಸ್ಪೀಡಿನ ಪುಕ್ಕಟೆ ಡೆಮೊ ಮಾಡುತ್ತಿರುವುದೂ ಅದನ್ನೇ. ಅದು ಹೀಗೇ ಪುಕ್ಕಟೆಯಾಗಿರಲಿ. ಹಳಬರು ಆಗಾಗ ಡೆಮೊ ಸರ್ವರುಗಳಿಗೂ ಇಳಿದು ಬಂದು, ಹೊಸಬರ ಪಕ್ಕದಲ್ಲಿ ಒಂದು ಕಾರಿನಷ್ಟು ಜಾಗ ಬಿಟ್ಟು ಓಡಿಸಲಿ.