ಬೆಳ್ಳಿಯ ಮೇಲೆ ಓಡುವ ಪ್ರಾಣಿ

ನಾಣ್ಯ ಕೈಗೆ ಬಂದ ಕೂಡಲೇ ರಾಜನ ಮುಖ ಹುಡುಕುವ ಚಾಳಿ ನಮ್ಮ ಸಂಗ್ರಾಹಕರಲ್ಲಿ ಬಹುಮಂದಿಗಿದೆ. ಮಧ್ಯಯುಗದ ಹಂಗೆರಿಯ ಬೆಳ್ಳಿ ದೆನಾರ್‌ಗಳ ಮಟ್ಟಿಗೆ ಆ ಚಾಳಿ ಬಿಟ್ಟವರಿಗೇ ಲಾಭ. ಅಂಗಿಯ ಗುಂಡಿಯಷ್ಟಿರುವ ಈ ತೆಳು ಬಿಲ್ಲೆಗಳಲ್ಲಿ ಅರಸನಿಗಿಂತ ಅವನ ಬೊಕ್ಕಸ ನಡೆಸಿದವರ, ತೆರಿಗೆ ತೆತ್ತವರ ಕುರುಹುಗಳೇ ಸ್ವಾರಸ್ಯ.

ಮೊದಲ ದೊರೆ ಸಂತ ಸ್ಟೀಫನ್ನನ ದೆನಾರ್‌ನಲ್ಲಿ ಶಿಲುಬೆ, ಸುತ್ತ ಲ್ಯಾಟಿನ್ನಿನಲ್ಲಿ ಅವನ ಹೆಸರು, ಅಷ್ಟೇ. 12ನೇ ಶತಮಾನಕ್ಕೆ ಬರುವಾಗ ಎಷ್ಟೋ ನಾಣ್ಯಗಳಲ್ಲಿ ಹೆಸರೂ ಮಾಯ, ಉಳಿದದ್ದು ಬರೀ ಚುಕ್ಕೆ, ಗೆರೆ. ಆಮೇಲೆ ವಿನ್ಯಾಸಗಳ ಸುಗ್ಗಿ. ಅದಕ್ಕೆ ಕಾರಣ ಕಲಾಪ್ರೇಮವಲ್ಲ, ದುಡ್ಡಿನಾಸೆ. ಹಳೆಯ ನಾಣ್ಯ ಕೊಟ್ಟು, ಎಣಿಕೆಯಲ್ಲಿ ಕಡಿಮೆ ಹೊಸ ನಾಣ್ಯ ಪಡೆಯಬೇಕೆಂದು ವರ್ಷವರ್ಷವೂ ಕಟ್ಟಳೆ. ಹೊಸದನ್ನು ಗುರುತಿಸಲು ಹೊಸ ಚಿತ್ರ ಬೇಕಲ್ಲ!

1222ರಲ್ಲಿ ಎರಡನೇ ಆಂಡ್ರ್ಯೂ ಹೊರಡಿಸಿದ ಚಿನ್ನದ ಮುದ್ರೆಯ ಶಾಸನ, ನಾಣ್ಯ, ಉಪ್ಪು, ಸುಂಕದ ಅಧಿಕಾರ ಯಹೂದಿಗಳಿಗೂ ಮುಸ್ಲಿಮರಿಗೂ ಸಲ್ಲದು ಎಂದಿತು. ಅವನ ಮಗ ನಾಲ್ಕನೇ ಬೇಲಾನ ದೆನಾರ್‌ಗಳನ್ನು ಭೂತಗನ್ನಡಿಯಡಿ ಹಿಡಿಯಿರಿ: ಕೆಲವದರಲ್ಲಿ ಚಿತ್ರದ ಪಕ್ಕ ಒಂಟಿ ಹೀಬ್ರೂ ಅಕ್ಷರ ಕೂತಿದೆ. ಟಂಕಸಾಲೆ ವಹಿಸಿಕೊಂಡ ಯಹೂದಿ ಅಧಿಕಾರಿಗಳ ಗುರುತು ಅದು ಎನ್ನುತ್ತಾರೆ ತಜ್ಞರು. ಶಾಸನದ ದಾರಿ ಒಂದು, ಬೊಕ್ಕಸದ ದಾರಿ ಇನ್ನೊಂದು. ಮುಂದೆ ಮೊದಲನೇ ಲೂಯಿಯ ಕಾಲದಲ್ಲಿ ಸೆರೆಚೆನ್ ಮನೆತನದ ಅಧಿಕಾರಿ ತನ್ನ ಕುಲನಾಮಕ್ಕೆ ಹೊಂದುವಂತೆ ಸಾರಾಸೆನ್ನನ, ಅಂದರೆ ಮುಸ್ಲಿಮನ, ತಲೆಯನ್ನೇ ಒತ್ತಿಸಿದ, ಧೈರ್ಯ ಮೆಚ್ಚಬೇಕು.

ಆದರೆ ನನ್ನ ಮಟ್ಟಿಗೆ ಇವೆಲ್ಲಕ್ಕೂ ಮಿಗಿಲಾದದ್ದು, ಹಂಗೆರಿಯ ಅರಸರ ಅಧೀನದಲ್ಲಿದ್ದ ಸ್ಲಾವೋನಿಯಾದ ‘ಬನೋವಾಟ್ಸ್’ ನಾಣ್ಯ. ಒಂದು ಬದಿಯಲ್ಲಿ ಎರಡಡ್ಡಗೆರೆಯ ಶಿಲುಬೆ, ಮೇಲೆ ನಕ್ಷತ್ರ ಮತ್ತು ಚಂದ್ರಕಲೆ, ಬುಡದಲ್ಲಿ ಎದುರುಬದುರು ಎರಡು ಕಿರೀಟಧಾರಿ ತಲೆ. ಇನ್ನೊಂದು ಬದಿಯಲ್ಲಿ ನಕ್ಷತ್ರಗಳ ನಡುವೆ ಬಾಲ ಚಾಚಿ ಓಡುವ ಮಾರ್ಟೆನ್. (ಕೊಡಗಿನ ಕಾಡಿನಲ್ಲಿ ಕಾಣುವ ನೀಲಗಿರಿ ಮಾರ್ಟೆನ್ ಇದರ ನೆಂಟ.) ಅಲ್ಲಿನ ಜನ ಒಮ್ಮೆ ತೆರಿಗೆಯನ್ನು ಈ ಪ್ರಾಣಿಯ ತುಪ್ಪಳದ ಚರ್ಮದಲ್ಲೇ ತೆರುತ್ತಿದ್ದರು. ಚರ್ಮದ ಬದಲು ನಾಣ್ಯ ಬಂದರೂ ಪ್ರಾಣಿ ಜಾಗ ಬಿಡಲಿಲ್ಲ.

ಕೊಳ್ಳುವವರಿಗೆ ಒಂದು ಮಾತು: ಅಂಚಿನ ಬರಹ ಅರ್ಧ ತಪ್ಪಿಹೋಗಿದ್ದರೂ ಚಿಂತೆ ಬೇಡ, ಕಾಲು ಬಾಲ ಸ್ಪಷ್ಟವಾಗಿರುವುದನ್ನೇ ಆರಿಸಿ. ಅಷ್ಟು ಹಳೆಯದು ಸಿಗದಿದ್ದರೆ, 2023ರಿಂದ ಚಲಾವಣೆಯಲ್ಲಿರುವ ಕ್ರೊಯೇಷಿಯಾದ ಒಂದು ಯೂರೋ ನಾಣ್ಯದಲ್ಲೂ ಇದೇ ಮಾರ್ಟೆನ್ ಇದೆ.