ಅಬ್ಬಾ ಅನ್ನಿಸಿಬಿಟ್ಟರೆ ಸಾಕಾ?

ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಪ್ರತಿ ತಿಂಗಳ ಮೂರನೇ ಭಾನುವಾರ ಒಂದು ಉಪನ್ಯಾಸ ಇರುತ್ತದೆ. ಕಲೆ, ಇತಿಹಾಸ, ಪರಂಪರೆ ಇತ್ಯಾದಿ. ಪ್ರೊಜೆಕ್ಟರ್ ಹೊಂದಿಸೋದು, ಮಾತಾಡುವವರಿಗೆ ಕ್ಯಾಬ್ ಬುಕ್ ಮಾಡೋದು, ಕೊನೆಗೆ ಉಳಿದ ಮದ್ದೂರು ವಡೆ ಯಾರ ಮನೆಗೆ ಅಂತ ತೀರ್ಮಾನಿಸೋದು ನನ್ನ ಕೆಲಸ. ಎರಡು ವರ್ಷದಿಂದ ಒಂದೂ ತಪ್ಪಿಸದೆ ಎಲ್ಲವನ್ನೂ ಕೇಳಿದ್ದೇನೆ. ಹಾಗಾಗಿ ಮುಂದೆ ಬರೆಯುವ ದೂರುಗಳಲ್ಲಿ ಅರ್ಧ ನನ್ನ ಮೇಲೆಯೇ ಅಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮಲ್ಲಿ ಅತಿ ಹೆಚ್ಚು ಜನ ಬಂದ ಉಪನ್ಯಾಸ ಬೇಲೂರು-ಹಳೇಬೀಡಿನದು. ಕುರ್ಚಿ ಸಾಲದೆ ಜಿಮ್ಮಿನಿಂದ ಮ್ಯಾಟ್ ತಂದು ಹಾಸಿದೆವು. ಮಾತಾಡಿದವರು ಒಳ್ಳೆ ಮಾತುಗಾರರು, ಫೋಟೋಗಳು ಒಂದಕ್ಕಿಂತ ಒಂದು ಚೆಂದ. ಒಂದು ಗಂಟೆಯಲ್ಲಿ ತೊಂಬತ್ತು ಸ್ಲೈಡು. ಪ್ರತಿ ನಾಲ್ಕನೇ ಸ್ಲೈಡಿಗೆ ಒಂದು ಪ್ರಶ್ನೆ: "ಯಂತ್ರವೇ ಇಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯ?" ಸಭೆ ಅಬ್ಬಾ ಅನ್ನುತ್ತಿತ್ತು. ಅವರು ನಕ್ಕು ಮುಂದಿನ ಸ್ಲೈಡಿಗೆ ಹೋಗುತ್ತಿದ್ದರು.

ನನ್ನ ತಕರಾರು ಇರೋದು ಆ ನಗುವಿನ ಬಗ್ಗೆ. ಆ ಪ್ರಶ್ನೆಗೆ ಉತ್ತರ ಇದೆ. ಹೊಯ್ಸಳರ ಶಿಲ್ಪಿಗಳು ಕೆತ್ತಿದ್ದು ಬಳಪದ ಕಲ್ಲನ್ನು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಸರದ ಒಂದೊಂದು ಮಣಿಯನ್ನೂ ಬಿಡಿಸಲು ಅದು ಅವಕಾಶ ಕೊಡುತ್ತದೆ. ಹೊಳೆಯುವ ಆ ದುಂಡು ಕಂಬಗಳನ್ನು ತಿರುಗಿಸಿ ಕಡೆದಿದ್ದಾರೆ, ಆದ್ದರಿಂದಲೇ ಅವುಗಳ ಮೈಮೇಲೆ ಅಷ್ಟು ಸಮನಾದ ಉಂಗುರಗಳು. ಇನ್ನು ಯಾರು ಮಾಡಿದರು ಅಂತೀರಾ? ಅದನ್ನೂ ಅವರೇ ಬರೆದಿಟ್ಟಿದ್ದಾರೆ! 1117ರ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇಬ್ಬರ ಹೆಸರೂ ಸಿಗುತ್ತದೆ. ಮುಂದಿನ ತಲೆಮಾರುಗಳಲ್ಲಿ ಮಲ್ಲಿತಮ್ಮ ಗುಡಿಯಿಂದ ಗುಡಿಗೆ ತನ್ನ ಹೆಸರು ಕೆತ್ತುತ್ತಾ ಹೋಗಿದ್ದಾನೆ. ಕೆಲವರಂತೂ ಎದುರಾಳಿ ಶಿಲ್ಪಿಗಳನ್ನು ಹೀಯಾಳಿಸುವ ಬಿರುದುಗಳನ್ನೂ ಹೆಸರಿನ ಜೊತೆಗೆ ಹಾಕಿಕೊಂಡಿದ್ದಾರೆ. ನಮ್ಮ ಲಿಂಕ್ಡ್‌ಇನ್ ಪ್ರೊಫೈಲುಗಳು ಅದರ ಮುಂದೆ ಬಹಳ ಸಪ್ಪೆ.

ಇಷ್ಟು ಹೆಮ್ಮೆಯಿಂದ ಸಹಿ ಹಾಕಿದವರ ಕೆಲಸವನ್ನು ತೋರಿಸಿ "ಹೇಗೆ ಸಾಧ್ಯವೋ ಏನೋ" ಅಂದುಬಿಟ್ಟರೆ ಅದು ಹೊಗಳಿಕೆ ಅಲ್ಲ, ಅವರ ಸಹಿಯನ್ನು ಅಳಿಸಿದ ಹಾಗೆ. ತೊಂಬತ್ತು ಸ್ಲೈಡಿನಲ್ಲಿ ಒಬ್ಬ ಶಿಲ್ಪಿಯ ಹೆಸರೂ ಬರಲಿಲ್ಲ.

ಕೊನೆಯಲ್ಲಿ ಯಾರೋ ಕೇಳಿದರು, ಸಾರ್, ನಮ್ಮ ಬೆಂಗಳೂರಿನ ಬಗ್ಗೆ ಏನಾದ್ರೂ ಹೇಳಿ. ಅವರು ಬೆಂದಕಾಳೂರಿನ ಕಥೆ ಹೇಳಿದರು. ವೀರಬಲ್ಲಾಳ ದಾರಿ ತಪ್ಪಿದ್ದು, ಅಜ್ಜಿ ಬೆಂದ ಕಾಳು ಕೊಟ್ಟಿದ್ದು, ಊರಿಗೆ ಹೆಸರು ಬಂದಿದ್ದು. ಜೋರು ಚಪ್ಪಾಳೆ. ನಾನೂ ತಟ್ಟಿದೆ. ಬೇಗೂರಿನ ನಾಗನಾಥೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಗಂಗರ ಕಾಲದ ನಾಗತ್ತರನ ಮನೆಗೆ ಸೇರಿದ ಒಬ್ಬಾತ ಬೆಂಗಳೂರು ಕಾಳಗದಲ್ಲಿ ಸತ್ತ ಅಂತ ಅದು ಹೇಳುತ್ತದೆ. ಅಂದರೆ ಬಲ್ಲಾಳ ಹುಟ್ಟುವುದಕ್ಕೆ ಇನ್ನೂರೈವತ್ತು ವರ್ಷಕ್ಕಿಂತ ಮೊದಲೇ ಈ ಹೆಸರಿತ್ತು, ಇಲ್ಲಿ ಜಗಳವೂ ಇತ್ತು. ಆ ಗುಡಿ ನಮ್ಮ ಗೇಟಿನಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ, ಟ್ರಾಫಿಕ್ ಇದ್ದರೆ ನಲವತ್ತು. ನೂರು ಜನ ಕೂತಿದ್ದ ಆ ಹಾಲಿನಲ್ಲಿ ಈ ಮಾತು ಎತ್ತಬಹುದಾಗಿದ್ದವನು ನಾನು. ವಡೆ ತಣ್ಣಗಾಗುತ್ತೆ ಅಂತ ವಂದನಾರ್ಪಣೆ ಶುರು ಮಾಡಿದೆ.

ಎರಡು ತಿಂಗಳ ನಂತರ ಬಂದವರು ಒಬ್ಬ ನಿವೃತ್ತ ಮೇಷ್ಟ್ರು. ವಿಷಯ ವೀರಗಲ್ಲು. ಹದಿನಾಲ್ಕು ಜನ ಇದ್ದರು, ಅದರಲ್ಲಿ ಇಬ್ಬರು ಟೇಬಲ್ ಟೆನಿಸ್ ಟೇಬಲ್ ಖಾಲಿಯಾಗಲಿ ಅಂತ ಕಾಯುತ್ತಿದ್ದವರು. ಮೇಷ್ಟ್ರ ಪರ ವಕಾಲತ್ತು ವಹಿಸೋದು ಸುಲಭವಲ್ಲ. ಮೊದಲ ಇಪ್ಪತ್ತು ನಿಮಿಷ ಗಂಗರ ವಂಶಾವಳಿಯನ್ನು ಹಾಳೆ ನೋಡಿಕೊಂಡು ಓದಿದರು. ಮೈಕು ಬೇಡ ಅಂದರು, ಧ್ವನಿ ಮೂರನೇ ಸಾಲಿಗೆ ತಲುಪಲಿಲ್ಲ. ಐದು ಜನ ಎದ್ದು ಹೋದರು. ನಾನೂ ಫೋನು ತೆಗೆದಿದ್ದೆ.

ಆಮೇಲೆ ಅವರು ಒಂದು ಫೋಟೋ ಹಾಕಿದರು. ಒಂದೇ ಒಂದು. ಹೆಸರಾಂತ ಕಲ್ಲೇನಲ್ಲ, ಯಾವುದೋ ಹೊಲದ ಬದುವಿನದು. "ಇದನ್ನ ಎಲ್ಲಿಂದ ಓದಬೇಕು ಹೇಳಿ" ಅಂದರು. ನಾವೆಲ್ಲ ಮೇಲಿನಿಂದ ಅಂದೆವು. ತಪ್ಪು. ವೀರಗಲ್ಲಿನ ಕಥೆ ಕೆಳಗಿನ ಸಾಲಿನಿಂದ ಶುರುವಾಗುತ್ತದೆ. ಅಲ್ಲಿ ಕಾಳಗ, ಪಕ್ಕದಲ್ಲಿ ಹಸುಗಳಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತದ್ದು. ನಡುವಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ, ಲಿಂಗದ ಮುಂದೆ ಅವನು ಕೈಮುಗಿದು ಕೂತಿರುತ್ತಾನೆ, ಸೂರ್ಯ ಚಂದ್ರ ಇರುತ್ತಾರೆ. ಸತ್ತವನ ಮನೆಯವರಿಗೆ ಕೊಡುತ್ತಿದ್ದ ಜಮೀನಿಗೆ ನೆತ್ತರುಗೊಡಗಿ ಅಂತ ಹೆಸರು. ಪಕ್ಕದಲ್ಲಿ ಕಂಬದಿಂದ ಹೊರಟ ಒಂದು ಬಳೆ ತೊಟ್ಟ ಕೈ ಮಾತ್ರ ಕೆತ್ತಿದ್ದರೆ ಅದು ಮಾಸ್ತಿಗಲ್ಲು, ಅವನ ಹೆಂಡತಿಯೂ ಚಿತೆ ಏರಿದಳು ಅಂತ. "ಮೇಲಿನ ಸಾಲು ಎಲ್ಲಾ ಕಲ್ಲಿನಲ್ಲೂ ಹೆಚ್ಚುಕಡಿಮೆ ಒಂದೇ. ಯಾರು, ಯಾಕೆ ಅನ್ನೋದು ಇರೋದು ಕೆಳಗೆ" ಅಂದರು ಮೇಷ್ಟ್ರು. ಅರ್ಧ ಗಂಟೆ ನಾವು ಅದೊಂದೇ ಫೋಟೋ ನೋಡಿದೆವು. ಕುದುರೆ ಯಾವ ಕಡೆ ಮುಖ ಮಾಡಿದೆ, ಬಿದ್ದವನ ಕೈಲಿ ಏನಿದೆ ಅಂತ ಮಕ್ಕಳ ಹಾಗೆ ಜಗಳವಾಡಿದೆವು.

ಕಾಫಿ ತಂದ ಹೌಸ್‌ಕೀಪಿಂಗ್ ಅಕ್ಕ ಟ್ರೇ ಹಿಡಿದು ನಿಂತೇ ಬಿಟ್ಟಿದ್ದರು. "ಸಾರ್, ಇದು ನಮ್ ಊರಾಗೂ ಐತೆ. ಹಾಲಿನ ಬೂತ್ ಪಕ್ಕ. ನಾವು ವೀರರ ಗುಡಿ ಅಂತೀವಿ, ವರ್ಷಕ್ಕೊಂದ್ ಸತಿ ಪೂಜೆ ಮಾಡ್ತೀವಿ."

ನಮ್ಮ ಕಾಂಪೌಂಡಿನ ಹಿಂದಿನ ಹಳೇ ಊರು ಅದು. ಆ ಬೂತಿನಿಂದ ನಾಲ್ಕು ವರ್ಷ ಹಾಲು ತಂದಿದ್ದೇನೆ. ಅರಿಶಿನ ಕುಂಕುಮ ಬಳಿದ ಕಲ್ಲು ಅಂತ ಗೊತ್ತಿತ್ತು, ಅಷ್ಟೇ.

ಮೇಷ್ಟ್ರು ಕುರ್ಚಿಯಿಂದ ಎದ್ದರು. "ಎಷ್ಟು ಸಾಲು ಗೊಂಬೆ ಇದೆಯಮ್ಮಾ?"

"ನಾನ್ ಮದುವೆಯಾಗಿ ಬಂದಾಗ ಮೂರಿತ್ತು ಸಾರ್. ಈಗ ಎರಡೇ ಕಾಣೋದು. ರೋಡು ಎತ್ತರ ಮಾಡ್ತಾನೇ ಅವ್ರಲ್ಲ, ಕೆಳಗಡೇದು ಮಣ್ಣಾಗೋಯ್ತು."

ಪ್ರತಿ ಉಪನ್ಯಾಸಕ್ಕೂ ನಾನು ಫೀಡ್‌ಬ್ಯಾಕ್ ಫಾರಂ ಕಳಿಸುತ್ತೇನೆ. ಬೇಲೂರಿನವರಿಗೆ ಐದಕ್ಕೆ 4.8, ಮೇಷ್ಟ್ರಿಗೆ 3.1. ನಾನು ಕೇಳಿದ ಪ್ರಶ್ನೆ "ಎಷ್ಟು ಇಷ್ಟವಾಯಿತು?" ಅಂತ. ಓಟಿಟಿ ಸೀರೀಸಿಗೆ ಕೇಳುವ ಪ್ರಶ್ನೆ ಅದು. ಮನೆಗೆ ಹೋದಮೇಲೆ ಏನನ್ನಾದರೂ ಬೇರೆ ಥರ ನೋಡಿದಿರಾ ಅಂತ ಕೇಳಿದ್ದರೆ ಅಂಕ ಹೇಗೆ ಬರುತ್ತಿತ್ತೋ. ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಪೋಸ್ಟರಿನಲ್ಲಿ "ಸ್ಥಳೀಯ ಸಮುದಾಯಕ್ಕಾಗಿ" ಅಂತ ದಪ್ಪಕ್ಷರದಲ್ಲಿ ಹಾಕುತ್ತೇವೆ. ಹಳೇ ಊರಿನ ಒಬ್ಬರನ್ನೂ ಇಲ್ಲಿವರೆಗೆ ಕರೆದಿಲ್ಲ. ಅವತ್ತು ಆ ಅಕ್ಕ ಹಾಲಿನೊಳಗೆ ಇದ್ದದ್ದು ಕಾಫಿ ಕೊಡೋಕೆ.

ಮುಂದಿನ ವರ್ಷದ ಪಟ್ಟಿ ಮಾಡುವ ಮೀಟಿಂಗಿನಲ್ಲಿ ಹಂಪಿ ಇಡೋಣ, ಡ್ರೋನ್ ವಿಡಿಯೋ ಇರುವವರನ್ನೇ ಕರೆಸೋಣ ಅಂದರು. ಹಂಪಿ ಇರಲಿ, ನನಗೂ ಇಷ್ಟ. ಆದರೆ ಈ ಸಲ ಸುಮ್ಮನಿರಲಿಲ್ಲ, ಒಂದು ಭಾನುವಾರ ಹಾಲಿನ ಬೂತಿನ ಪಕ್ಕ ಅಂತ ಬರೆಸಿದೆ. ಪಾರ್ಕಿಂಗ್ ಎಲ್ಲಿ ಅಂತ ಖಜಾಂಚಿ ಕೇಳಿದರು. ನಡೆದು ಹೋದರೆ ಐದು ನಿಮಿಷ ಸಾರ್ ಅಂದೆ.

ಕಳೆದ ವಾರ ಮೇಷ್ಟ್ರ ಜೊತೆ ಹೋಗಿ ಊರಿನ ಹಿರಿಯರನ್ನು ಕಂಡು ಬಂದೆವು. ಮೇಷ್ಟ್ರು 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟ, ಬೆಂಗಳೂರು ಜಿಲ್ಲೆಯದು, ತಿರುವಿ ಹಾಕಿದ್ದರು. ಅದು ಶಾಸನಗಳ ಪುಸ್ತಕ, ನಮ್ಮ ಕಲ್ಲಿನಲ್ಲಿ ಕಾಣುವಷ್ಟರಲ್ಲಿ ಅಕ್ಷರವೇ ಇಲ್ಲ. ಸುತ್ತ ಬಿಡಿಸಿ ನೋಡಬಹುದಾ ಅಂತ ಕೇಳಿದ್ದಕ್ಕೆ ಹಿರಿಯರು, ನೀವಾಗೇ ಕೈ ಹಾಕಬೇಡಿ, ಅಮಾವಾಸ್ಯೆ ಕಳೀಲಿ, ಪೂಜೆ ಮಾಡಿ ನಾವೇ ಮಣ್ಣು ತೆಗೀತೀವಿ, ಟಾರು ಒಡೆಯೋಕೆ ಮಾತ್ರ ವಾರ್ಡ್ ಆಫೀಸಿಗೆ ನೀವು ಬರೀರಿ ಅಂದರು. ಅರ್ಜಿ ಬರೆದು ಕೊಟ್ಟಿದ್ದೇನೆ. ಕೆಳಗೆ ಹಸು ಇರುತ್ತಾ ಮೇಷ್ಟ್ರೇ ಅಂತ ವಾಪಸ್ ಬರುವಾಗ ಕೇಳಿದೆ.

"ನೋಡೋಣ ತಡಿಯಪ್ಪಾ" ಅಂದರು.