ಚೀಲದಿಂದ ಪರದೆಗೆ: ರೋಗಿಯ ದಾಖಲೆ ಯಾರದು?



ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ನಡುವಯಸ್ಸಿನ ಕಾರ್ಮಿಕನೊಬ್ಬನನ್ನು ಕಲ್ಪಿಸಿಕೊಳ್ಳಿ. ಸಕ್ಕರೆ ಕಾಯಿಲೆ ಹಳೆಯದು, ಎದೆನೋವು ಹೊಸದು. ಊರಿನ ಡಾಕ್ಟರರ ಚೀಟಿ, ರಕ್ತಪರೀಕ್ಷೆಯ ವರದಿ, ಹಿಂದಿನ ಇಸಿಜಿ ಎಲ್ಲವನ್ನೂ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಆತ ಹುಬ್ಬಳ್ಳಿಯ ಬಸ್ಸು ಹತ್ತುತ್ತಾನೆ. ಕಾಗದವೊಂದು ಕಳೆದರೆ ಅದೇ ಪರೀಕ್ಷೆ, ಅದೇ ಖರ್ಚು ಮತ್ತೊಮ್ಮೆ. ಇಂತಹ ಚೀಲ ನಿಮ್ಮ ಮನೆಯ ಬೀರುವಿನಲ್ಲಿಯೂ ಇರಬಹುದಲ್ಲವೇ?

ಈ ಚೀಲದ ಭಾರವನ್ನು ಇಳಿಸುವ ಭರವಸೆಯೊಂದಿಗೆ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರಂಭವಾಯಿತು. ಇದರಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ ‘ಆಭಾ’ ಸಂಖ್ಯೆಯನ್ನು ಪಡೆಯಬಹುದು. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡು ಬೇರೆ, ಇದು ಬೇರೆ; ಪಡೆಯಲೇಬೇಕೆಂಬ ಕಡ್ಡಾಯವೂ ಇಲ್ಲ. ದಾಖಲೆಗಳೆಲ್ಲ ದಿಲ್ಲಿಯ ಒಂದೇ ಉಗ್ರಾಣಕ್ಕೆ ಹೋಗುವುದಿಲ್ಲ. ಅವು ಹುಟ್ಟಿದ ಆಸ್ಪತ್ರೆಯಲ್ಲಿಯೇ ಉಳಿದು, ರೋಗಿ ಒಪ್ಪಿದಾಗ ಮಾತ್ರ ಮತ್ತೊಂದು ಆಸ್ಪತ್ರೆಗೆ ತಲುಪಬೇಕು. ಯೋಜನೆಯ ಈ ಮೂಲ ಕಲ್ಪನೆ ನಿಜಕ್ಕೂ ಶ್ಲಾಘನೀಯ.

ಆದರೆ ಕಲ್ಪನೆಗೂ ಆಚರಣೆಗೂ ನಡುವಿನ ಅಂತರವನ್ನು ನಾವು ಗಮನಿಸಬೇಕು. ಗಣಕಯಂತ್ರ ಮೊದಲು ಬಂದು ಕುಳಿತದ್ದು ನೋಂದಣಿ ಮತ್ತು ಬಿಲ್ಲಿನ ಕೌಂಟರುಗಳಲ್ಲಿ. ಮೊಬೈಲಿನಿಂದ ಸಂಕೇತ ಚೌಕವನ್ನು ಸ್ಕ್ಯಾನ್ ಮಾಡಿ ಹೊರರೋಗಿ ಚೀಟಿ ಪಡೆಯುವ ವ್ಯವಸ್ಥೆ ಸರದಿಯ ಕಷ್ಟವನ್ನು ಕಡಿಮೆ ಮಾಡಿದೆ. ಇದು ಬಾಗಿಲಿನ ಸುಧಾರಣೆ. ವೈದ್ಯರ ಮೇಜಿನ ಮೇಲೆ ಹಿಂದಿನ ಆಸ್ಪತ್ರೆಯ ವರದಿ ತೆರೆದುಕೊಂಡಾಗ ಮಾತ್ರ ಅದು ಒಳಗಿನ ಸುಧಾರಣೆಯಾಗುತ್ತದೆ.

ಅದು ಅಷ್ಟು ಸುಲಭವೂ ಅಲ್ಲ. ಒಬ್ಬ ವೈದ್ಯರು ‘ಡಿ.ಎಂ.’ ಎಂದು, ಇನ್ನೊಬ್ಬರು ‘ಡಯಾಬಿಟಿಸ್’ ಎಂದು, ಮತ್ತೊಬ್ಬರು ‘ಶುಗರ್’ ಎಂದು ಬರೆದರೆ ನಮಗೆ ಅರ್ಥವಾಗುತ್ತದೆ. ಯಂತ್ರಕ್ಕೆ ಅವು ಮೂರು ಬೇರೆ ಪದಗಳು. ಆದ್ದರಿಂದಲೇ ಭಾರತ ಸರ್ಕಾರ 2013ರಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಗಳಿಗೆ ಮಾನದಂಡಗಳನ್ನು ಪ್ರಕಟಿಸಿ, 2016ರಲ್ಲಿ ಪರಿಷ್ಕರಿಸಿತು. ರೋಗಕ್ಕೆ, ಪರೀಕ್ಷೆಗೆ, ಅಳತೆಗೆ ಎಲ್ಲರೂ ಒಂದೇ ಸಂಕೇತವನ್ನು ಬಳಸಬೇಕೆಂಬುದು ಅದರ ಸಾರ. ಕೈಬರಹದ ಚೀಟಿಯ ಚಿತ್ರ ತೆಗೆದು ಗಣಕದಲ್ಲಿ ಸೇರಿಸಿದರೆ ಅದು ಚೀಲವನ್ನೇ ಪರದೆಯೊಳಗೆ ಇಟ್ಟಂತೆ. ಮಾಹಿತಿಯ ವಿನಿಮಯ ಆಗಲಿಲ್ಲ.

ಇದರ ಬೆಲೆ ತಿಳಿಯುವುದು ಆಪತ್ತಿನಲ್ಲಿ. 2022ರ ಜುಲೈ ತಿಂಗಳಲ್ಲಿ ತಾರಿಹಾಳದ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದಿತು. ಸುಟ್ಟಗಾಯಗಳಾದ ಕಾರ್ಮಿಕರನ್ನು ಹುಬ್ಬಳ್ಳಿಯ ಕಿಮ್ಸ್‌ಗೆ ಸಾಗಿಸಲಾಯಿತು, ಕೆಲವರು ಉಳಿಯಲಿಲ್ಲ. 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜಾಗಿ ಆರಂಭವಾದ ಈ ಸಂಸ್ಥೆಯೇ ಈ ಭಾಗದ ಬಡವರ ಆಸರೆ. ಅಂತಹ ಗಳಿಗೆಯಲ್ಲಿ ಯಾರೂ ಚೀಲ ಹಿಡಿದು ಬರುವುದಿಲ್ಲ. ಪ್ರಜ್ಞೆಯಿಲ್ಲದವನು ತನಗೆ ಯಾವ ಔಷಧಿ ಒಗ್ಗದೆಂದು ಹೇಳಲಾರ. ಪ್ರಾಣಾಪಾಯದ ವೈದ್ಯಕೀಯ ತುರ್ತಿನಲ್ಲಿ ಒಪ್ಪಿಗೆಗಾಗಿ ಕಾಯಬೇಕಿಲ್ಲವೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಊರಿನ ಚಿಕಿತ್ಸಾಲಯ ಆ ವಿಷಯವನ್ನು ದಾಖಲಿಸಿಯೇ ಇಲ್ಲವಾದರೆ ಕಾಯ್ದೆ ತೆರೆದ ದಾರಿಯಲ್ಲಿ ಬರುವುದಾದರೂ ಏನು?

ಇನ್ನೊಂದು ಮಗ್ಗುಲನ್ನೂ ನೋಡಬೇಕು. 2022ರ ನವೆಂಬರಿನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕ ವ್ಯವಸ್ಥೆಯ ಮೇಲೆ ಸೈಬರ್ ದಾಳಿ ನಡೆದು, ಅನೇಕ ದಿನ ಸಿಬ್ಬಂದಿ ಮತ್ತೆ ಕಾಗದ, ಪೆನ್ನು ಹಿಡಿಯಬೇಕಾಯಿತು. ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆಗಳ ವಿವರ ಬಯಲಾದರೆ ಒಬ್ಬನ ಉದ್ಯೋಗ, ಒಬ್ಬಳ ಮದುವೆ ಮುರಿಯಬಹುದು. ಗುಟ್ಟನ್ನು ನಂಬಿ ಒಪ್ಪಿಸಿದವನಿಗೆ ದ್ರೋಹವಾಗಬಾರದು. ಕಳೆದುಹೋದ ಕಾಗದವನ್ನು ಮತ್ತೆ ಬರೆಯಿಸಬಹುದು. ಹೊರಬಿದ್ದ ಗುಟ್ಟನ್ನು ಮರಳಿ ತರಲಾಗದು.

ಒಪ್ಪಿಗೆಯ ಮಾತೂ ಅಷ್ಟೇ. ಸಂದೇಶ ಬರುವುದು ಮಗನ ಮೊಬೈಲಿಗೆ, ಒತ್ತುವವನು ಮಗ, ದಾಖಲೆ ಮಾತ್ರ ತಾಯಿಯದು. ಒಪ್ಪಿಗೆಯ ಕೋರಿಕೆಯನ್ನು ಕನ್ನಡವೂ ಸೇರಿದಂತೆ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆಂದು ಅದೇ ಕಾಯ್ದೆ ವಿಧಿಸುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಯಾಗಲಿವೆ. ಅರ್ಥವಾಗದ ಅಕ್ಷರಗಳ ಕೆಳಗೆ ಒತ್ತಿದ ಬೆರಳು ಒಪ್ಪಿಗೆ ಎನಿಸಲಾರದು.

ಹಾಗಾದರೆ ನಾವೇನು ಮಾಡೋಣ? ಬಿಡುಗಡೆಯ ದಿನ ಚಿಕಿತ್ಸೆಯ ಸಾರಾಂಶವನ್ನು ತಪ್ಪದೆ ಕೇಳಿ ಪಡೆಯಿರಿ. ಮಾಹಿತಿ ಯಾರಿಗೆ, ಯಾವ ಉದ್ದೇಶಕ್ಕೆ, ಎಷ್ಟು ಕಾಲಕ್ಕೆ ಎಂದು ಕೇಳದೆ ಒಪ್ಪಿಗೆ ಕೊಡಬೇಡಿ. ಮನೆಯ ಹಿರಿಯರಿಗೆ ಅದನ್ನು ಓದಿ ಹೇಳಿ, ಅವರ ಮಾತು ಕೇಳಿದ ಮೇಲೆಯೇ ಒತ್ತಿರಿ. ಹಳೆಯ ಚೀಲವನ್ನು ಈಗಲೇ ಎಸೆಯಬೇಡಿ. ಅದರಲ್ಲಿ ಕೊರತೆಗಳು ನೂರಿದ್ದರೂ ಒಂದು ಗುಣವಿತ್ತು: ಅದು ರೋಗಿಯ ಕೈಯಲ್ಲಿಯೇ ಇರುತ್ತಿತ್ತು. ಹೊಸ ವ್ಯವಸ್ಥೆ ಆ ಒಂದು ಗುಣವನ್ನು ಉಳಿಸಿಕೊಂಡರೆ ಮಾತ್ರ ಅದನ್ನು ಸುಧಾರಣೆ ಎನ್ನೋಣ.